ಹನ್ನೆರಡು ನಿಮಿಷದ ಕರ್ಣ

ನನ್ನ ಕುತ್ತಿಗೆಗೆ ಕ್ಯಾಮೆರಾ ನೇತುಬಿದ್ದ ದಿನದಿಂದ ಊರಿನ ನೆಂಟರೂ ಆಫೀಸಿನ ಗೆಳೆಯರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ವಿಡಿಯೋ ಮಾಡೋಕೆ ಯಾವುದು ತಗೊಳ್ಳಲಿ ಮಾರಾಯ? ಡಿಎಸ್‌ಎಲ್‌ಆರಾ, ಹ್ಯಾಂಡಿಕ್ಯಾಮಾ?" ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಇರುತ್ತದೆ. ಡಿಎಸ್‌ಎಲ್‌ಆರ್ ಅಂತ ಹೇಳಿಸಿಕೊಂಡು, ಮನೆಯಲ್ಲಿ ಹೆಂಡತಿಗೆ "ನೋಡು, ತಿಳಿದವರೇ ಹೇಳಿದ್ರು" ಅನ್ನೋದಕ್ಕೆ ನಾನು ಬೇಕು, ಅಷ್ಟೇ. ನಾನು ತಿರುಗಿ "ಏನನ್ನು ಶೂಟ್ ಮಾಡ್ತೀಯ?" ಅಂತ ಕೇಳಿದರೆ ಅವರ ಮುಖ ಬಾಡುತ್ತದೆ. ಹೀಗೇ, ಮನೆ, ಮಗು, ಹಬ್ಬ, ಊರಿಗೆ ಹೋದಾಗ ಒಂದಿಷ್ಟು... ಅನ್ನುತ್ತಾರೆ.

ಫೋಟೋ ತೆಗೆಯುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ವಿಡಿಯೋ ಬಂದದ್ದು 2008ರಲ್ಲಿ. ಆಗಸ್ಟ್‌ನಲ್ಲಿ ನಿಕಾನ್ ಡಿ90 ಬಂತು, ಒಂದು ಸಲಕ್ಕೆ ಐದು ನಿಮಿಷ ಮಾತ್ರ ಎಚ್‌ಡಿ. ಮುಂದಿನ ತಿಂಗಳು ಕ್ಯಾನನ್ 5ಡಿ ಮಾರ್ಕ್ 2 ಬಂತು, ಅದರಲ್ಲಿ ಪೂರ್ತಿ ಎಚ್‌ಡಿ. ವಿನ್ಸೆಂಟ್ ಲಾಫೊರೆ ಎಂಬ ಫೋಟೋಗ್ರಾಫರ್ ಆ ಕ್ಯಾಮೆರಾವನ್ನು ಎರವಲು ತಂದು ಒಂದೇ ವಾರಾಂತ್ಯದಲ್ಲಿ 'ರೆವರಿ' ಅನ್ನುವ ಪುಟ್ಟ ಚಿತ್ರ ಮಾಡಿದ. ಅದನ್ನು ನೋಡಿ ಜಗತ್ತಿನಲ್ಲಿ ಎಷ್ಟು ಜನರಿಗೆ ತಾವೂ ಸಿನಿಮಾ ಮಾಡಬಹುದು ಅನ್ನಿಸಿತೋ ಲೆಕ್ಕವಿಲ್ಲ. 2010ರಲ್ಲಿ ಅಮೆರಿಕದ 'ಹೌಸ್' ಧಾರಾವಾಹಿಯ ಒಂದು ಇಡೀ ಕಂತನ್ನು ಅದೇ ಕ್ಯಾಮೆರಾದಲ್ಲಿ ತೆಗೆದರು. ಅಲ್ಲಿಂದ ಮುಂದೆ ನಮ್ಮ ಸಾಗರ, ಶಿರಸಿ ಕಡೆಯ ಮದುವೆ ಮಂಟಪಕ್ಕೂ ಅದು ಬರಲು ತಡವಾಗಲಿಲ್ಲ.

ಅದಕ್ಕೆ ಮೊದಲು ಮದುವೆಗೆ ವಿಡಿಯೋದವರು ಬಂದರೆ ಅದರ ಗತ್ತೇ ಬೇರೆ ಇತ್ತು. ಹೆಗಲ ಮೇಲೆ ಪ್ಯಾನಾಸಾನಿಕ್‌ನ ಎಂಡಿ-10000 ತರಹದ ದೊಡ್ಡ ಕ್ಯಾಮೆರಾ, ಹಿಂದೆ ವೈರು ಹಿಡಿದುಕೊಂಡು ಬರುವ ಹುಡುಗ, ಕಣ್ಣು ಕುಕ್ಕುವ ಲೈಟು. ಆ ಲೈಟು ಊಟದ ಪಂಕ್ತಿಗೆ ಬಂದರೆ ಜನ ಅನ್ನ ಕಲಸುವುದನ್ನು ನಿಲ್ಲಿಸಿ ನೆಟ್ಟಗೆ ಕೂರುತ್ತಿದ್ದರು. ಆಮೇಲೆ ಎಡಿಟಿಂಗ್‌ನಲ್ಲಿ ಹುಡುಗಿಯನ್ನು ಗುಲಾಬಿ ಹೂವಿನೊಳಗೆ ಕೂರಿಸಿ, ಹುಡುಗನನ್ನು ಹೃದಯದ ಆಕಾರದಲ್ಲಿ ಕತ್ತರಿಸಿ ತಿರುಗಿಸುತ್ತಿದ್ದರು. ನಾವು ಎಂಜಿನಿಯರಿಂಗ್ ಓದುವ ಕಾಲದಲ್ಲಿ ಇದನ್ನೆಲ್ಲ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಈಗಿನದು ಸುಂದರವಾಗಿದೆ, ಸುಳ್ಳು ಹೇಳಬಾರದು. ಅಕ್ಷತೆ ಕಾಳು ಒಂದೊಂದೇ ನಿಧಾನಕ್ಕೆ ಬೀಳುತ್ತದೆ, ಹುಡುಗಿಯ ಕಣ್ಣಿನ ಅಂಚಿನ ನೀರು ಫಳಕ್ಕನೆ ಹೊಳೆಯುತ್ತದೆ, ಹಿಂದಿರುವುದೆಲ್ಲ ಬೆಣ್ಣೆಯ ಹಾಗೆ ಕರಗಿರುತ್ತದೆ.

ಹಾಗೆ ಕರಗಿ ಹೋದದ್ದರಲ್ಲಿ ಯಾರಿದ್ದರು ಅನ್ನೋದು ನನಗೆ ಈಚೆಗೆ ಹತ್ತಿಕೊಂಡ ಯೋಚನೆ.

ಈ ಕರಗುವಿಕೆಯ ಗುಟ್ಟು ಇಷ್ಟೇ. ಮನೆಬಳಕೆಯ ಹ್ಯಾಂಡಿಕ್ಯಾಮಿನ ಒಳಗೆ ಬೆಳಕು ಹಿಡಿಯುವ ಸೆನ್ಸಾರ್ ಹೆಚ್ಚುಕಮ್ಮಿ ಒಂದು ತೊಗರಿ ಬೇಳೆಯಷ್ಟು. ನನ್ನ ಹತ್ತಿರ ಇರುವ ಕ್ಯಾನನ್ 600ಡಿಯದ್ದು 22 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರ, ಅಂದರೆ ಸಣ್ಣದೊಂದು ಅಂಚೆ ಚೀಟಿಯಷ್ಟು. ಸೆನ್ಸಾರ್ ದೊಡ್ಡದಾದಷ್ಟೂ ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ. ಜೊತೆಗೆ ಫೋಕಸ್ ಇರುವ ಜಾಗ ತೆಳುವಾಗುತ್ತದೆ, ಅದರ ಹಿಂದೆ ಮುಂದೆ ಇರುವುದೆಲ್ಲ ಮಸುಕು. ಹ್ಯಾಂಡಿಕ್ಯಾಮಿಗೆ ಈ ಭೇದಭಾವ ಗೊತ್ತಿಲ್ಲ. ಮದುಮಗಳೂ ಸ್ಪಷ್ಟ, ಹಿಂದೆ ಕಂಬಕ್ಕೆ ಒರಗಿ ಆಕಳಿಸುವ ಭಾವನೂ ಅಷ್ಟೇ ಸ್ಪಷ್ಟ. ಹತ್ತು ವರ್ಷದ ಹಿಂದಿನ ನಮ್ಮ ಅಕ್ಕನ ಮದುವೆಯ ವಿಡಿಯೋದಲ್ಲಿ ಧಾರೆಯ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಅಜ್ಜಿ ಬಂದು ನಿಂತು, ಸೆರಗಿನಿಂದ ಕನ್ನಡಕ ಒರೆಸಿ, ಇಣುಕಿ ನೋಡಿ ಒಳಗೆ ಹೋಗುತ್ತಾಳೆ. ಎಲ್ಲ ಸೇರಿ ಒಂಬತ್ತು ಸೆಕೆಂಡ್. ಅಜ್ಜಿ ನಡೆದಾಡುವ ದೃಶ್ಯ ನಮ್ಮ ಮನೆಯಲ್ಲಿ ಇರುವುದು ಅದೊಂದೇ. ವಿಡಿಯೋದವನು ಅವಳನ್ನು ತೆಗೆಯಲು ಹೊರಟವನೇ ಅಲ್ಲ.

2013ರ ಆಗಸ್ಟ್‌ನಲ್ಲಿ ಈ ಎರಡೂ ಕ್ಯಾಮೆರಾಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಸಂದರ್ಭ ಬಂತು. ಪರೀಕ್ಷೆ ಮಾಡೋಣ ಅಂತ ಅಲ್ಲ. ದೊಡ್ಡಪ್ಪನಿಗೆ ಗಂಟಲಿನ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದ್ದರು. ಆಮೇಲೆ ದನಿ ಹೇಗೆ ಬರುತ್ತದೋ, ಬರುತ್ತದೋ ಇಲ್ಲವೋ ಈಗ ಹೇಳಲಾಗದು ಅಂದಿದ್ದರು.

ದೊಡ್ಡಪ್ಪ ಅಡಿಕೆ ಬೆಳೆಗಾರ. ಊರಿನವರಿಗೆ ಮಾತ್ರ ಅರ್ಥಧಾರಿ. ಮಳೆಗಾಲ ಬಂತು ಅಂದರೆ ನಮ್ಮ ಸೀಮೆಯಲ್ಲಿ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಎರಡು ಬದಿಗೆ ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯ ಹಿಡಿದು ಮಾತಾಡುತ್ತಾರೆ. ಬರೆದುಕೊಂಡು ಬಂದ ಮಾತಲ್ಲ. ಎದುರಿನವನು ಏನು ಹೇಳುತ್ತಾನೆ ಅನ್ನುವುದರ ಮೇಲೆ ಇವನ ಮಾತು. ಇವತ್ತು ಬಂದದ್ದು ನಾಳೆ ಬರುವುದಿಲ್ಲ. ದೊಡ್ಡಪ್ಪ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದ ಕ್ಯಾಸೆಟ್ಟುಗಳನ್ನು ಟೇಪ್‌ರೆಕಾರ್ಡರಿನಲ್ಲಿ ಕೇಳಿ ಕೇಳಿ ಬೆಳೆದವನು. ನಲವತ್ತು ವರ್ಷದಲ್ಲಿ ಎಷ್ಟು ಸಲ ಕರ್ಣನಾಗಿದ್ದಾನೋ ಅವನಿಗೇ ನೆನಪಿಲ್ಲ. ಒಂದನ್ನೂ ಯಾರೂ ರೆಕಾರ್ಡ್ ಮಾಡಿರಲಿಲ್ಲ. ಆಪರೇಷನ್‌ಗೆ ಎಂಟು ದಿನ ಮೊದಲು ಮನೆಯ ಜಗಲಿಯಲ್ಲೇ ಒಂದು ಕೂಟ ಇಟ್ಟುಕೊಂಡೆವು. ಪ್ರಸಂಗ 'ಕರ್ಣಭೇದನ'. ಕೃಷ್ಣನ ಅರ್ಥಕ್ಕೆ ದೊಡ್ಡಪ್ಪನ ಹಳೆಯ ಜೊತೆಗಾರ, ಪಕ್ಕದೂರಿನ ಮಾಸ್ತರು.

ನನ್ನ 600ಡಿಗೆ ಒಂದು ರೋಗ ಇದೆ. ಎಚ್‌ಡಿ ವಿಡಿಯೋ ಹನ್ನೆರಡು ನಿಮಿಷದ ಆಸುಪಾಸಿಗೆ ತಾನಾಗಿಯೇ ನಿಲ್ಲುತ್ತದೆ. ಮೆಮೊರಿ ಕಾರ್ಡಿನಲ್ಲಿ ಕಡತಗಳನ್ನು ಜೋಡಿಸುವ ಹಳೆಯ ಪದ್ಧತಿಯಲ್ಲಿ ಒಂದು ಕಡತದ ಅಳತೆಯನ್ನು ಬರೆದಿಡಲು 32 ಬಿಟ್ ಮಾತ್ರ ಇರುತ್ತದೆ, ಹಾಗಾಗಿ 4 ಜಿಬಿ ದಾಟುವ ಹಾಗಿಲ್ಲ. ದಿನಾ ಬೆಳಗಾದರೆ ಇಂಥ ಸಂಖ್ಯೆಗಳ ಜೊತೆಗೇ ನನ್ನ ಹೊಟ್ಟೆಪಾಡು, ಹಾಗಾಗಿ ಅದರ ಮೇಲೆ ಸಿಟ್ಟು ಬರುವುದಿಲ್ಲ. ಆಮೇಲಿನ ಮಾಡೆಲ್‌ಗಳು ಒಂದು ಕಡತ ತುಂಬಿದ ಕೂಡಲೇ ಇನ್ನೊಂದನ್ನು ಶುರುಮಾಡಿಕೊಳ್ಳುತ್ತವೆ. ಆದರೆ ಆಗ ಅವಕ್ಕೂ 29 ನಿಮಿಷ 59 ಸೆಕೆಂಡಿನ ಗಡಿ ಇತ್ತು. ಅದು ತಾಂತ್ರಿಕ ಕಾರಣಕ್ಕೆ ಬಂದದ್ದಲ್ಲ. ಒಂದೇ ಸಲಕ್ಕೆ ಮೂವತ್ತು ನಿಮಿಷ ರೆಕಾರ್ಡ್ ಮಾಡಬಲ್ಲದ್ದು ವಿಡಿಯೋ ಕ್ಯಾಮೆರಾ ಅನ್ನಿಸಿಕೊಳ್ಳುತ್ತದೆ ಅನ್ನುವುದು ಆಗಿನ ಯುರೋಪಿನ ಸುಂಕದ ನಿಯಮವಾಗಿತ್ತು. ಹಾಗೆ ಅನ್ನಿಸಿಕೊಂಡರೆ ಸುಂಕ ಹೆಚ್ಚಿತ್ತು. ಅದಕ್ಕೆ ಕಂಪನಿಗಳು ಒಂದು ಸೆಕೆಂಡ್ ಮೊದಲೇ ಕೈತೊಳೆದುಕೊಂಡವು. ಸುಂಕದವನ ಮುಂದೆ ಸುಖದುಃಖ ಹೇಳಬಾರದು ಅಂತ ನಮ್ಮವರು ಸುಮ್ಮನೆ ಹೇಳಿದ್ದಲ್ಲ. ಎಲ್ಲಿಯ ಯುರೋಪು, ಎಲ್ಲಿಯ ಮಲೆನಾಡಿನ ಜಗಲಿ!

ಇದೆಲ್ಲ ಗೊತ್ತಿದ್ದುದರಿಂದ ದೊಡ್ಡಪ್ಪನ ಮಗನ ಹತ್ತಿರ ಇದ್ದ ಸೋನಿ ಹ್ಯಾಂಡಿಕ್ಯಾಮನ್ನೂ ತರಿಸಿದ್ದೆ. ಮಗಳ ನಾಮಕರಣಕ್ಕೆ ಕೊಂಡು, ಆಮೇಲೆ ಬೀರುವಿನಲ್ಲಿ ಕೂತದ್ದು. ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೆ, ಚಪ್ಪಲಿಗೆ, ಲೆನ್ಸಿಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಪುಣ್ಯಕ್ಕೆ ಅತ್ತಿಗೆ ಅದನ್ನು ಅಕ್ಕಿ ಡಬ್ಬಿಯ ಪಕ್ಕ, ಬಚ್ಚಲ ಒಲೆಯ ಬಿಸಿ ತಾಗುವ ಗೋಡೆಗೆ ಇಟ್ಟಿದ್ದಳು. ಜಗಲಿಯ ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ಟ್ರೈಪಾಡ್, ಅದರ ಮೇಲೆ ಇದು. ಭಾಗವತರೂ ಎರಡೂ ಸಾಲಿನ ಅರ್ಥಧಾರಿಗಳೂ ಮುಂದಿನ ಎರಡು ಸಾಲು ಜನವೂ ಕಾಣುವ ಹಾಗೆ ಅಗಲಕ್ಕೆ ಇಟ್ಟೆ, ಪ್ಲಗ್ಗಿಗೆ ಸಿಕ್ಕಿಸಿದೆ, ಕೆಂಪು ಬಟನ್ ಒತ್ತಿದೆ, ಮರೆತೆ. 32 ಜಿಬಿ ಕಾರ್ಡಿನಲ್ಲಿ ಮೂರೂವರೆ ಗಂಟೆಗೆ ಮೋಸವಿಲ್ಲ. ನಾನು ಡಿಎಸ್‌ಎಲ್‌ಆರ್ ಹಿಡಿದು ಮಾಸ್ತರ ಹೆಗಲ ಹಿಂದೆ ಕೂತೆ, ದೊಡ್ಡಪ್ಪನ ಮುಖಕ್ಕೆ ಗುರಿಯಿಟ್ಟು.

ದನಿಗೆ ಬೇರೆಯೇ ವ್ಯವಸ್ಥೆ. ಡಿಎಸ್‌ಎಲ್‌ಆರಿನ ಮೈಕನ್ನು ನಂಬಬೇಡಿ. ಮಾತು ನಿಂತಾಗ ಅದು ತಾನೇ ಕಿವಿ ದೊಡ್ಡದು ಮಾಡಿಕೊಂಡು ಮಳೆಯ ಸದ್ದನ್ನು ಎಳೆದು ತರುತ್ತದೆ. ಮದ್ದಲೆ ಬಿದ್ದ ಕೂಡಲೇ ಬೆಚ್ಚಿ ಎಲ್ಲವನ್ನೂ ಅಮುಕುತ್ತದೆ. 600ಡಿಯಲ್ಲಿ ದನಿಯ ಮಟ್ಟವನ್ನು ಕೈಯಲ್ಲಿ ಹೊಂದಿಸಬಹುದು, ಆದರೆ ಹೆಡ್‌ಫೋನ್ ಹಾಕಿ ಕೇಳಲು ತೂತೇ ಇಲ್ಲ. ಕುರುಡಾಗಿ ನಂಬಬೇಕು. ಅದಕ್ಕೆ ದೊಡ್ಡಪ್ಪನ ಮುಂದಿನ ವೀಳ್ಯದ ತಟ್ಟೆಯ ಪಕ್ಕ ಒಂದು ಪುಟ್ಟ ರೆಕಾರ್ಡರ್ ಇಟ್ಟೆ. ಆಮೇಲೆ ದನಿಯನ್ನೂ ಚಿತ್ರವನ್ನೂ ಜೋಡಿಸಲು ಸಿನಿಮಾದವರು ಕ್ಲ್ಯಾಪ್ ಹೊಡೆಯುತ್ತಾರಲ್ಲ, ನಮಗೆ ಭಾಗವತರ ತಾಳದ ಮೊದಲ ಪೆಟ್ಟೇ ಸಾಕಾಯಿತು. ಇನ್ನೊಂದು ಮಾತು, ಕ್ಯಾಮೆರಾ ಕೊಂಡವರು ಮೊದಲು ಮೆನುವಿಗೆ ಹೋಗಿ ಎನ್‌ಟಿಎಸ್‌ಸಿ ಇದ್ದರೆ ಪಾಲ್‌ಗೆ ಬದಲಿಸಿ, ಸೆಕೆಂಡಿಗೆ 25 ಚಿತ್ರ, ಶಟರ್ ಐವತ್ತನೇ ಒಂದು ಇಡಿ. ನಮ್ಮ ಕರೆಂಟು 50 ಹರ್ಟ್ಸಿನದು. ಹಾಗೆ ಮಾಡದಿದ್ದರೆ ಟ್ಯೂಬ್‌ಲೈಟಿನ ಕೆಳಗೆ ಪರದೆಯ ತುಂಬ ಪಟ್ಟೆ ಓಡುತ್ತದೆ.

ಪದ್ಯ ಶುರುವಾದಾಗ ನಿಲ್ಲಿಸಿ ಮತ್ತೆ ಒತ್ತುವುದು, ಹಾಗಾದರೆ ಅರ್ಥ ತುಂಡಾಗುವುದಿಲ್ಲ ಅನ್ನುವುದು ನನ್ನ ಉಪಾಯ. ಒಂದೂವರೆ ಗಂಟೆ ಅದು ನಡೆಯಿತು. ಪುಟ್ಟ ಪರದೆಯಲ್ಲಿ ದೊಡ್ಡಪ್ಪನ ಮುಖ ನೋಡುತ್ತಾ ನನಗೆ ಅಳು ಬರುವಷ್ಟು ಚೆನ್ನಾಗಿ ಕಾಣುತ್ತಿತ್ತು. ಕೆನ್ನೆಯ ಬಿಳಿ ಕುರುಚಲು, ಎಲೆಯಡಿಕೆಯ ತುಟಿ, ಮಾತು ಹುಡುಕುವಾಗ ಮೇಲಕ್ಕೆ ಹೋಗುವ ಕಣ್ಣು. 600ಡಿಯ ಫೋಕಸ್ ತಾನಾಗಿ ಹಿಂಬಾಲಿಸುವುದಿಲ್ಲ. ದೊಡ್ಡಪ್ಪ ಆವೇಶ ಬಂದು ಅರ್ಧ ಅಡಿ ಮುಂದೆ ಬಾಗಿದರೆ ಮುಖ ಮಸುಕಾಗಿ ಹಿಂದಿನ ಕಂಬ ಸ್ಪಷ್ಟ. ಬಲಗೈಯಲ್ಲಿ ಕ್ಯಾಮೆರಾ, ಎಡಗೈ ಲೆನ್ಸಿನ ಬಳೆಯ ಮೇಲೆ. ಒಂದು ಸಲವೂ ಜನರ ಕಡೆ ನೋಡಲು ಆಗಲಿಲ್ಲ.

ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳಿ ಮುಗಿಸಿದ. ಭಾಗವತರು ಪದ್ಯ ಹೇಳಿದರು. ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅವನು ಬಾಯಿ ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಇನ್ವರ್ಟರ್ ಮೂರು ದಿನದ ಮಳೆಗೆ ಆಗಲೇ ಕೈಕೊಟ್ಟಿತ್ತು. ಅಪ್ಪಯ್ಯ ಒಳಗಿಂದ ಎಮರ್ಜೆನ್ಸಿ ಲೈಟು ತರಲು ಎದ್ದರೆ ದೊಡ್ಡಪ್ಪ ಕೈ ಎತ್ತಿ ತಡೆದ. ಭಾಗವತರ ಮುಂದಿನ ಕಾಲುದೀಪ ಒಂದೇ ಬೆಳಕು. ಮೂಲೆಯ ಹ್ಯಾಂಡಿಕ್ಯಾಮ್ ಸದ್ದಿಲ್ಲದೆ ತನ್ನ ಬ್ಯಾಟರಿಗೆ ಹೊರಳಿತು. ಆದರೆ ಅದರ ಬೇಳೆಕಾಳಿನ ಕಣ್ಣಿಗೆ ಆ ಬೆಳಕು ಎಲ್ಲಿ ಸಾಕು? ಆಮೇಲೆ ನೋಡಿದರೆ ಇಪ್ಪತ್ತಮೂರು ನಿಮಿಷ ಬರೀ ಕಪ್ಪು, ನಡುವೆ ದೀಪದ ಒಂದು ಚುಕ್ಕೆ. ನನ್ನ ಡಿಎಸ್‌ಎಲ್‌ಆರಿನಲ್ಲಿ 50 ಎಂಎಂ ಲೆನ್ಸ್ ಇತ್ತು, ಎಫ್ 1.8ಕ್ಕೆ ಪೂರ್ತಿ ತೆರೆದು ಐಎಸ್‌ಒ 3200ಕ್ಕೆ ಏರಿಸಿದೆ. ದೀಪದ ಬೆಳಕಿನಲ್ಲಿ ಅರ್ಧ ಮುಖದ ಕರ್ಣ ಬಂದ. ನನ್ನ ಕ್ಯಾಮೆರಾ ಇವತ್ತಿನವರೆಗೆ ತೆಗೆದ ಅತ್ಯಂತ ಒಳ್ಳೆಯ ಚಿತ್ರ ಅದು, ಇನ್ನು ಮುಂದೆ ಅಂಥದ್ದು ಬರುತ್ತದೆ ಅನ್ನುವ ಆಸೆಯೂ ಇಲ್ಲ.

ಆ ಪದ್ಯಕ್ಕೆ ದೊಡ್ಡಪ್ಪ ಹತ್ತೊಂಬತ್ತು ನಿಮಿಷ ಅರ್ಥ ಹೇಳಿದ. ಕ್ಯಾಮೆರಾ ಹನ್ನೆರಡನೆಯ ನಿಮಿಷಕ್ಕೆ ತಾನಾಗಿ ನಿಂತಿತು. ಮತ್ತೆ ಒತ್ತಿ ಅದು ಶುರುವಾಗುವಷ್ಟರಲ್ಲಿ ಏಳು ಸೆಕೆಂಡ್. ಚಿತ್ರದಲ್ಲಿ ಕರ್ಣ "ಕೃಷ್ಣಾ, ಇಷ್ಟು ದಿನ ನನಗೆ ಒಬ್ಬಳೇ ತಾಯಿ" ಅನ್ನುತ್ತಾನೆ. ಮುಂದಿನ ಚೂರಿನಲ್ಲಿ ಅವನು ಕಣ್ಣು ಒರೆಸಿಕೊಳ್ಳುತ್ತಿದ್ದಾನೆ. ನಡುವಿನ ಮಾತು ಹ್ಯಾಂಡಿಕ್ಯಾಮಿನ ಕತ್ತಲಲ್ಲಿ ಇದೆ: "ಹೆತ್ತವಳ ಹೆಸರು ಹೇಳಿ ನನ್ನನ್ನು ಶ್ರೀಮಂತ ಮಾಡಿದೆ. ಅದೇ ಮಾತಿನಲ್ಲಿ ಸಾಕಿದವಳನ್ನು ಬಡವಿ ಮಾಡಿಬಿಟ್ಟೆಯಲ್ಲೋ." ಆ ಮಾತಿಗೆ ಜಗಲಿಯಲ್ಲಿ ಯಾರೋ ಹೆಂಗಸು ಬಿಕ್ಕಿದ್ದೂ ಕೇಳುತ್ತದೆ. ಅಮ್ಮ ಅದು ತಾನಲ್ಲ ಅನ್ನುತ್ತಾಳೆ.

ಆಪರೇಷನ್ ಆಯಿತು. ಜೀವಕ್ಕೆ ಅಪಾಯವಾಗಲಿಲ್ಲ. ದನಿ ಪೂರ್ತಿ ಬರಲಿಲ್ಲ, ಪಿಸುಮಾತಿಗಿಂತ ಸ್ವಲ್ಪ ಮೇಲೆ. ದೀಪಾವಳಿಗೆ ಊರಿಗೆ ಹೋದಾಗ ಎರಡನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿದ್ದೆ. ಮೊದಲು ನನ್ನ ಡಿಎಸ್‌ಎಲ್‌ಆರಿನದ್ದು. ಬಣ್ಣ ತಿದ್ದಿ, ಚೂರುಗಳನ್ನು ಜೋಡಿಸಿ ನಲವತ್ತು ನಿಮಿಷಕ್ಕೆ ಇಳಿಸಿದ್ದು. ಎಲ್ಲರೂ ಚೆನ್ನಾಗಿದೆ, ಸಿನಿಮಾದ ಹಾಗೇ ಇದೆ ಅಂದರು. ದೊಡ್ಡಪ್ಪ ಸ್ವಲ್ಪ ಹೊತ್ತು ನೋಡಿ ಕೈಸನ್ನೆಯಲ್ಲಿ ನಿಲ್ಲಿಸಲು ಹೇಳಿದ.

"ಮಾಸ್ತರು ಎಲ್ಲಿ?"

ಮಾಸ್ತರು ಪರದೆಯ ಎಡಗಡೆ ಇದ್ದರು. ಒಂದು ಹೆಗಲು, ಅರ್ಧ ಕಿವಿ, ಮಿಕ್ಕಿದ್ದೆಲ್ಲ ಮಸುಕು. ನಾನು ತೋರಿಸಿದೆ.

"ಅದು ಮೂಟೆ ಇಟ್ಟ ಹಾಗೆ ಕಾಣ್ತದೆ. ಅವರ ಮುಖ ನೋಡದೆ ನಾನು ಒಂದು ಮಾತಾದರೂ ಆಡಿದ್ದೇನಾ? ನಾನು ತಾಯಿ ವಿಷಯ ಎತ್ತಿದ್ದೇ ಅವರ ಹುಬ್ಬು ನೋಡಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಹ್ಯಾಂಡಿಕ್ಯಾಮಿನದ್ದು ಹಾಕಿದೆ. ಚಿತ್ರ ಸ್ವಲ್ಪ ಹಳದಿ, ಕತ್ತಲ ಮೂಲೆಗಳಲ್ಲಿ ಮರಳು ಎರಚಿದ ಹಾಗೆ. ಆದರೆ ಮಾಸ್ತರು ಇದ್ದರು. ದೊಡ್ಡಪ್ಪ ಮಾತಾಡುವಾಗ ಅವರು ತೊಡೆಯ ಮೇಲೆ ಬೆರಳು ಬಡಿಯುವುದು, ಒಂದು ಕಡೆ ಕೃಷ್ಣನಾಗಿರುವುದನ್ನು ಮರೆತು "ಹೌದು" ಅಂತ ತಲೆ ಆಡಿಸುವುದು, ಮಾತು ತನಗೆ ಬರುವ ಮೊದಲು ನೀರು ಕುಡಿಯುವುದು. ಮುಂದಿನ ಸಾಲಿನಲ್ಲಿ ಅಮ್ಮ ಕಷಾಯದ ಲೋಟ ಹಿಡಿದು ಕೊಡಲೋ ಬೇಡವೋ ಅಂತ ನಿಂತವಳು ನಾಲ್ಕು ನಿಮಿಷ ಹಾಗೇ ನಿಂತಿದ್ದಾಳೆ. ಯಾವುದೋ ಮಗು ನಿದ್ದೆಗೆ ವಾಲಿ ಅಪ್ಪಯ್ಯನ ತೊಡೆ ಸೇರುತ್ತದೆ. ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ.

ಹಾಗಂತ ಡಿಎಸ್‌ಎಲ್‌ಆರ್ ಬೇಡ ಅಂತ ನಾನು ಹೇಳುವುದಿಲ್ಲ. ಆ ದೀಪದ ಬೆಳಕಿನ ಹನ್ನೆರಡು ನಿಮಿಷವನ್ನು ಬೇರೆ ಯಾವುದೂ ಕೊಡುತ್ತಿರಲಿಲ್ಲ. ನೀವು ಕಥೆ ಕಟ್ಟುವವರಾದರೆ, ಏನು ಕಾಣಬೇಕು ಏನು ಕಾಣಬಾರದು ಅಂತ ಮೊದಲೇ ತೀರ್ಮಾನಿಸಿ ಹೊರಡುವವರಾದರೆ ಅದನ್ನೇ ಕೊಳ್ಳಿ. 2013ರಲ್ಲಿ ಬಂದ ಕ್ಯಾನನ್ 70ಡಿಯಲ್ಲಿ ಫೋಕಸ್ ತಾನಾಗಿ ಹಿಂಬಾಲಿಸುತ್ತದೆ, ನನ್ನಂತೆ ಎಡಗೈಯನ್ನು ಅಡವಿಡಬೇಕಾಗಿಲ್ಲ. ಆದರೆ ತಾಳಮದ್ದಲೆ, ಹರಿಕಥೆ, ಶಾಲೆಯ ವಾರ್ಷಿಕೋತ್ಸವ, ಅಜ್ಜನ ಹತ್ತಿರ ಹಳೆಯ ಕಥೆ ಕೇಳುವುದು, ಹೀಗೆ ಯಾವ ಹೊತ್ತಿಗೆ ಏನು ಬರುತ್ತದೆ ಅಂತ ನಿಮಗೇ ಗೊತ್ತಿಲ್ಲದ ಕಡೆಗೆ ಒಂದು ಹ್ಯಾಂಡಿಕ್ಯಾಮ್ ಇಟ್ಟು ನೀವೂ ಹೋಗಿ ಚಾಪೆಯ ಮೇಲೆ ಕೂತುಬಿಡಿ. ಅಂಗಡಿಯವರು ಮುಖ ಸೊಟ್ಟಗೆ ಮಾಡಿ "ಈಗ ಅದನ್ನ ಯಾರು ತಗೋತಾರೆ ಸಾರ್" ಅನ್ನುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಮೈಕ್ ಸಿಕ್ಕಿಸುವ ತೂತು ಇರುವುದನ್ನೇ ನೋಡಿ ಕೊಳ್ಳಿ.

ಅವತ್ತು ದೊಡ್ಡಪ್ಪನ ಮನೆಯ ಟಿವಿಯಲ್ಲಿ ಎರಡು ಗಂಟೆಯ ಹತ್ತಿರಕ್ಕೆ ಕರೆಂಟು ಹೋಗುವ ಜಾಗ ಬಂತು. ಪರದೆ ಕಪ್ಪಾಯಿತು. ಅತ್ತಿಗೆ ಟಿವಿ ಕೆಟ್ಟಿತು ಅಂತ ರಿಮೋಟ್ ಹಿಡಿದಳು. ಈ ಭಾಗಕ್ಕೆ ನನ್ನ ಡಿಎಸ್‌ಎಲ್‌ಆರಿನ ಚಿತ್ರ ಕೂರಿಸಿಕೊಡುತ್ತೇನೆ, ಹನ್ನೆರಡು ನಿಮಿಷವಾದರೂ ಚೆನ್ನಾಗಿ ಕಾಣುತ್ತದೆ ಅಂದೆ. ದೊಡ್ಡಪ್ಪ ಬೇಡ ಅನ್ನುವಂತೆ ಕೈ ಆಡಿಸಿದ. ಕಪ್ಪು ಪರದೆಯೊಳಗಿಂದ ಅವನ ಹಳೆಯ ದನಿ ತುಂಬಿಕೊಂಡು ಬರುತ್ತಿತ್ತು, ಹಿಂದೆ ಮಳೆ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಹತ್ತಿರ ಹೋಗಿ ಕಿವಿಗೊಟ್ಟರೆ, ಟಿವಿಯ ಮಾತನ್ನು ಹಿಂಬಾಲಿಸುತ್ತಿರಲಿಲ್ಲ. ಪಿಸುದನಿಯಲ್ಲಿ ಅದೇ ಪದ್ಯಕ್ಕೆ ಬೇರೆಯೇ ಅರ್ಥ ಹೇಳುತ್ತಿದ್ದ.

ನನ್ನ ಹತ್ತಿರ ಆಗ ಕ್ಯಾಮೆರಾ ಇರಲಿಲ್ಲ. ಮೊಬೈಲು ಚಾರ್ಜಿಗೆ ಹಾಕಿದ್ದೆ, ತರಲು ಏಳಲಿಲ್ಲ.